ಪುಟ್ಟ ಮಕ್ಕಳಿರುವ ಮನೆ ಶಿಫ್ಟ್ ಮಾಡುವಾಗ: ಹೊಸ ಮನೆಗೆ ಮಗುವನ್ನು ಒಗ್ಗಿಸುವುದು ಹೇಗೆ?

ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳಿನದು. ಅದು ಮುಗಿಯುವ ಹೊತ್ತಿಗೆ ಓನರ್ ಬಾಡಿಗೆ ಜಾಸ್ತಿ ಮಾಡುತ್ತಾರೆ, ಇಲ್ಲವೇ ಟ್ರಾನ್ಸ್‌ಫರ್ ಆಗುತ್ತದೆ, ಇಲ್ಲವೇ ಅತ್ತೆ-ಮಾವನ ಮನೆಯಿಂದ ಬೇರೆ ಹೋಗುವ ಮಾತು ಬರುತ್ತದೆ. ಕಾರಣ ಏನೇ ಇರಲಿ, ಟೆಂಪೋ ಬುಕ್ ಮಾಡುವುದು, ಅಡ್ವಾನ್ಸ್ ವಾಪಸ್ ಇಸಿದುಕೊಳ್ಳುವುದು, ಗ್ಯಾಸ್ ಕನೆಕ್ಷನ್, ಇಂಟರ್ನೆಟ್ ಅಂತ ನಮ್ಮ ಪಟ್ಟಿ ಉದ್ದ ಇರುತ್ತದೆ. ಆ ಪಟ್ಟಿಯಲ್ಲಿ ಮಗುವಿನ ಹೆಸರು ಮಾತ್ರ ಇರುವುದಿಲ್ಲ. "ಸಣ್ಣ ಮಗು, ಅದಕ್ಕೇನು ಗೊತ್ತಾಗುತ್ತೆ, ನಾಲ್ಕು ದಿನ ಅತ್ತು ಸುಮ್ಮನಾಗುತ್ತೆ" ಅನ್ನುವವರೇ ಜಾಸ್ತಿ.

ಸುಮ್ಮನಾಗುವುದೇನೋ ನಿಜ. ಆದರೆ ಆ ನಾಲ್ಕು ದಿನ ಎರಡು ತಿಂಗಳು ಎಳೆಯಬಹುದು, ಮತ್ತು ಆ ಎರಡು ತಿಂಗಳು ರಾತ್ರಿ ನಿದ್ದೆ ಕೆಡುವುದು ನಿಮ್ಮದೇ.

ಇಲ್ಲಿ ಬರೆದಿರುವುದು ಒಂದೂವರೆ ವರ್ಷದಿಂದ ಆರು ವರ್ಷದವರೆಗಿನ ಮಕ್ಕಳ ಬಗ್ಗೆ. ನಮ್ಮದು ಟ್ರಾನ್ಸ್‌ಫರ್ ಕೆಲಸದ ಮನೆ, ಹಾಗಾಗಿ ಉತ್ತರ ಕರ್ನಾಟಕದಿಂದ ಬೆಂಗಳೂರು, ಬೆಂಗಳೂರಿನಿಂದ ಕರಾವಳಿ, ಹೀಗೆ ಊರೂರು ಸುತ್ತುವ ಸಂಸಾರಗಳನ್ನು ಹತ್ತಿರದಿಂದ ನೋಡಿದ್ದೇನೆ. ಎಲ್ಲ ಕಡೆ ಕೆಲಸಕ್ಕೆ ಬಂದಿದ್ದು ಒಂದೇ ಉಪಾಯ: ಮನೆ ಬದಲಾಗುವಾಗ ಮಗುವಿನ ಪಾಲಿಗೆ ಬೇರೆ ಏನೂ ಬದಲಾಗದ ಹಾಗೆ ನೋಡಿಕೊಳ್ಳಿ. ತಟ್ಟೆ, ಹೊದಿಕೆ, ಊಟದ ಹೊತ್ತು, ಮಲಗಿಸುವ ಹಾಡು, ಎಲ್ಲ ಹಳೆಯದೇ ಇರಲಿ. ಹೊಸ ಮನೆ ಅಂದ ಕೂಡಲೇ ಹೊಸ ಮಂಚ, ಹೊಸ ರೂಮು, ಹೊಸ ಅಭ್ಯಾಸ ಅಂತ ಎಲ್ಲವನ್ನೂ ಒಂದೇ ಸಲ ಶುರು ಮಾಡುವ ಹುಮ್ಮಸ್ಸು ನಮಗೆ ಬರುತ್ತದಲ್ಲ, ಅದನ್ನು ಎರಡು ತಿಂಗಳು ಮುಂದಕ್ಕೆ ಹಾಕಿ.

ದಿನ ಗೊತ್ತು ಮಾಡುವಾಗ

ನಮ್ಮಲ್ಲಿ ಆಷಾಢದಲ್ಲಿ ಮನೆ ಬದಲಾಯಿಸುವವರು ಕಡಿಮೆ, ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲೇ ಎಲ್ಲರ ಟೆಂಪೋ ಓಡಾಡುತ್ತದೆ. ಮಕ್ಕಳಿಗೂ ಇದು ಒಳ್ಳೆಯದೇ. ರಾಜ್ಯ ಪಠ್ಯಕ್ರಮದ ಶಾಲೆಗಳು ಮೇ ಕೊನೆ ಅಥವಾ ಜೂನ್ ಮೊದಲಿಗೆ ಶುರುವಾಗುತ್ತವೆ. ಅದಕ್ಕೆ ಎರಡು ಮೂರು ವಾರ ಮುಂಚೆ ಹೊಸ ಮನೆ ಸೇರಿದರೆ ಮಗುವಿಗೆ ಮೊದಲು ಮನೆ ಅಭ್ಯಾಸವಾಗುತ್ತದೆ, ಆಮೇಲೆ ಶಾಲೆ. ಭಾನುವಾರ ಮನೆ ಸೇರಿ ಸೋಮವಾರ ಹೊಸ ಶಾಲೆಗೆ ಕಳಿಸುವುದು ಆದಷ್ಟು ಬೇಡ. ಸಿಬಿಎಸ್‌ಇ ಶಾಲೆಗಳು ಸಾಮಾನ್ಯವಾಗಿ ಏಪ್ರಿಲ್‌ನಲ್ಲೇ ಶುರುವಾಗುವುದರಿಂದ ಅವರ ಲೆಕ್ಕ ಬೇರೆ.

ಎದೆಹಾಲು ಬಿಡಿಸುವುದು, ಡೈಪರ್ ಬಿಡಿಸುವುದು, ಬೇರೆ ಮಲಗಿಸುವುದು, ಇದ್ಯಾವುದನ್ನೂ ಶಿಫ್ಟಿಂಗ್ ಹಿಂದೆ ಮುಂದೆ ಇಟ್ಟುಕೊಳ್ಳಬೇಡಿ. ಎರಡನೇ ಮಗು ಬರುವುದಿದ್ದರೆ ಹೆರಿಗೆಗೆ ಎರಡು ತಿಂಗಳು ಮೊದಲೇ ಮನೆ ಬದಲಾಯಿಸುವುದು ವಾಸಿ. ಇಲ್ಲದಿದ್ದರೆ ದೊಡ್ಡದಕ್ಕೆ "ಈ ಪಾಪು ಬಂದಿದ್ದಕ್ಕೇ ನಮ್ಮ ಮನೆ ಹೋಯಿತು" ಅಂತ ಅನಿಸಿಬಿಡುತ್ತದೆ.

ಮಗುವಿನ ದಿನ ಬರೆದಿಡಿ

ಪ್ಯಾಕಿಂಗ್ ಶುರುವಾಗುವ ಮೊದಲು ಒಂದೆರಡು ದಿನ ಮಗುವನ್ನು ಸುಮ್ನೆ ಗಮನಿಸಿ, ಒಂದು ಹಾಳೆಯಲ್ಲಿ ಬರೆಯಿರಿ. ಎದ್ದ ಕೂಡಲೇ ಎಲ್ಲಿಗೆ ಹೋಗುತ್ತದೆ? ಯಾವ ಲೋಟದಲ್ಲಿ ಹಾಲು ಕುಡಿಯುತ್ತದೆ? ಸ್ನಾನ ಯಾರು ಮಾಡಿಸಬೇಕು? ಊಟ ಮಾಡಿಸುವಾಗ ಕಿಟಕಿಯಲ್ಲಿ ಏನು ತೋರಿಸುತ್ತೀರಿ? ಮಲಗುವಾಗ ಅಮ್ಮ ಯಾವ ಪಕ್ಕ, ಗೋಡೆ ಯಾವ ಪಕ್ಕ?

ಅತಿ ಅನಿಸಬಹುದು. ಆದರೆ ದೊಡ್ಡವರ ಕಣ್ಣಿಗೆ ಬೀಳದ ಸಣ್ಣ ಸಣ್ಣ ಸಂಗತಿಗಳ ಮೇಲೇ ಮಗುವಿನ ದಿನ ನಿಂತಿರುತ್ತದೆ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಮೂರು ವರ್ಷದ ಹುಡುಗ ಸಂಜೆ ಗೇಟಿನ ಚಿಲಕದ ಸದ್ದು ಕೇಳಿದರೆ ಅಪ್ಪ ಬಂದ ಅಂತ ಓಡುತ್ತಿದ್ದ. ಅಪಾರ್ಟ್‌ಮೆಂಟಿಗೆ ಬಂದ ಮೇಲೆ ಗೇಟೂ ಇಲ್ಲ, ಚಿಲಕವೂ ಇಲ್ಲ. ಅಪ್ಪ ಇದ್ದಕ್ಕಿದ್ದ ಹಾಗೆ ಹಾಲ್‌ನಲ್ಲಿ ನಿಂತಿರುತ್ತಿದ್ದರು, ಹುಡುಗ ಮುಖ ತಿರುಗಿಸುತ್ತಿದ್ದ. ಯಾಕೆ ಅಂತ ಯಾರಿಗೂ ಹೊಳೆಯಲಿಲ್ಲ. ಕೊನೆಗೆ ಅವನ ಅಜ್ಜಿಯೇ ಹೇಳಿದ್ದು, "ಕೀ ತಗೊಂಡು ಬಾಗಿಲು ತೆಗೀಬೇಡ, ಹೊರಗಿಂದ ಬೆಲ್ ಹೊಡಿ, ಅವನೇ ಬಂದು ತೆಗೀಲಿ" ಅಂತ. ಮೊದಲ ಎರಡು ದಿನ ಬೆಲ್ಲಿಗೂ ಕದಲಲಿಲ್ಲವಂತೆ. ಮೂರನೇ ದಿನ ಬಾಗಿಲ ಹತ್ತಿರ ಬಂದು ನಿಂತ. ಇಂಥದ್ದನ್ನು ಹುಡುಕಿ ಹುಡುಕಿ ಬರೆದಿಡಿ, ಹೊಸ ಮನೆಯಲ್ಲಿ ಯಾವುದು ಸಿಗುವುದಿಲ್ಲವೋ ಅದಕ್ಕೆ ಬದಲಿ ಏನು ಅಂತ ಮೊದಲೇ ಯೋಚಿಸಿ.

ಊಟದ ವಿಷಯವನ್ನು ತಿಂಗಳ ಮೊದಲೇ ನೋಡಿಕೊಳ್ಳಿ. ಊರಲ್ಲಿ ವರ್ತನೆ ಹಾಲು, ಅಂದರೆ ಹಾಲಿನವರು ದಿನಾ ಮನೆಗೆ ತಂದು ಹಾಕುವ ಹಾಲು, ಕುಡಿಯುತ್ತಿದ್ದ ಮಗುವಿಗೆ ಪ್ಯಾಕೆಟ್ ಹಾಲಿನ ರುಚಿ ಬೇರೆ ಅನಿಸಿ ಲೋಟ ತಳ್ಳಿಬಿಡುತ್ತದೆ. ನಂದಿನಿ ಪ್ಯಾಕೆಟ್ ರಾಜ್ಯದ ಎಲ್ಲ ಕಡೆ ಸಿಗುವುದರಿಂದ ಹಳೇ ಮನೆಯಲ್ಲೇ ಇದ್ದಾಗ ಕಾಲು ಭಾಗ ಬೆರೆಸಿ ಕೊಡಲು ಶುರು ಮಾಡಿ, ಆಮೇಲೆ ಅರ್ಧ, ಆಮೇಲೆ ಪೂರ್ತಿ. ಅಕ್ಕಿಯೂ ಅಷ್ಟೇ. ಮಂಗಳೂರು ಕಡೆಯ ಕುಚ್ಚಲಕ್ಕಿ ಗಂಜಿ ಉಂಡ ಮಗು ಸೋನಾ ಮಸೂರಿಗೆ ಮೂಗು ಮುರಿಯುತ್ತದೆ. ರೊಟ್ಟಿ ತಿನ್ನುತ್ತಿದ್ದ ಮಗುವಿಗೆ ಹೊಸ ಊರಿನ ಜೋಳದ ಹಿಟ್ಟು ಹಿಡಿಸದೆ ಇರಬಹುದು. ಒಂದು ತಿಂಗಳಿಗೆ ಆಗುವಷ್ಟು ಹಳೇ ಅಂಗಡಿಯ ಅಕ್ಕಿ, ಹಿಟ್ಟು, ಸಾರಿನ ಪುಡಿ ಕಟ್ಟಿಕೊಂಡೇ ಬನ್ನಿ. "ಅಲ್ಲೇ ಎಲ್ಲ ಸಿಗುತ್ತೆ ಬಿಡು" ಅನ್ನುವವರು ಇರುತ್ತಾರೆ. ಸಿಗುತ್ತದೆ, ಆದರೆ ಅದೇ ಸಿಗುವುದಿಲ್ಲ.

ಹೇಳುವುದು ಯಾವಾಗ, ಹೇಗೆ?

ಎರಡು ವರ್ಷದ ಮಗುವಿಗೆ ಮೂರು ನಾಲ್ಕು ದಿನ ಮೊದಲು ಹೇಳಿದರೆ ಸಾಕು. ಅದಕ್ಕೆ "ಮುಂದಿನ ತಿಂಗಳು" ಅಂದರೆ ಏನೂ ಅರ್ಥವಾಗುವುದಿಲ್ಲ. ನಾಲ್ಕೈದು ವರ್ಷದವರಿಗೆ ಎರಡು ಮೂರು ವಾರ ಮೊದಲು ಹೇಳಿ. ಅದಕ್ಕೂ ಮುಂಚೆ ಹೇಳಿದರೆ ದಿನಾ "ಇವತ್ತಾ? ಇವತ್ತಾ?" ಅಂತ ಕೇಳಿ ಅವರೂ ಸುಸ್ತು, ನೀವೂ ಸುಸ್ತು. ಆದರೆ ಒಂದು ಎಚ್ಚರ. ಫೋನಿನಲ್ಲಿ ನೀವು ಬ್ರೋಕರ್ ಜೊತೆ ಮಾತಾಡುವುದನ್ನು ಮಗು ಕೇಳಿಸಿಕೊಂಡು "ಮನೆ ಖಾಲಿ ಮಾಡೋದು ಅಂದ್ರೇನು?" ಅಂತ ಕೇಳಿತು ಅಂದರೆ, ಅದೇ ಹೇಳುವ ದಿನ.

ಮಕ್ಕಳು ಮಾತನ್ನು ಇದ್ದ ಹಾಗೇ ತೆಗೆದುಕೊಳ್ಳುತ್ತಾರೆ. "ಈ ಮನೆ ಬಿಟ್ಟು ಹೋಗ್ತೀವಿ" ಅಂದರೆ ಈ ಮನೆಯೊಳಗಿರುವ ಎಲ್ಲವನ್ನೂ ಬಿಟ್ಟು ಹೋಗುತ್ತೇವೆ ಅಂದುಕೊಳ್ಳುತ್ತಾರೆ, ಸೈಕಲ್ ಸಮೇತ, ಕೆಲವೊಮ್ಮೆ ಅಜ್ಜ ಸಮೇತ. ಹಾಗಾಗಿ ಏನು ಬರುತ್ತದೆ ಅನ್ನುವುದನ್ನು ಒಂದೊಂದಾಗಿ ಹೇಳಿ. ಅಮ್ಮ ಬರ್ತಾಳೆ, ಅಪ್ಪ ಬರ್ತಾನೆ, ನಿನ್ನ ಸೈಕಲ್ ಬರುತ್ತೆ, ಟಿವಿ ಬರುತ್ತೆ, ಕೆಂಪು ಬಕೆಟ್ ಬರುತ್ತೆ. ಬಾರದೇ ಇರುವುದನ್ನೂ ಹೇಳಿ. ಪಕ್ಕದ ಮನೆ ಆಂಟಿ ಬರಲ್ಲ, ಮಾವಿನ ಮರ ಬರಲ್ಲ, ಬೀದಿ ನಾಯಿ ಬರಲ್ಲ. ಅಳುತ್ತಾರೆ. ಅಳಲಿ. ಟೆಂಪೋ ಹೊರಟ ಮೇಲೆ ಗೊತ್ತಾಗುವುದಕ್ಕಿಂತ ಅಮ್ಮನ ತೊಡೆ ಮೇಲೆ ಕೂತಾಗ ಗೊತ್ತಾಗುವುದು ಒಳ್ಳೆಯದು.

ಆಸೆ ತೋರಿಸುವುದರಲ್ಲಿ ಸ್ವಲ್ಪ ಕೈ ಹಿಡಿತ ಇರಲಿ. "ಅಲ್ಲಿ ನಿಂಗೆ ತುಂಬ ಫ್ರೆಂಡ್ಸ್ ಸಿಗ್ತಾರೆ" ಅನ್ನಬೇಡಿ, ಮೊದಲ ವಾರ ಯಾರೂ ಸಿಗುವುದಿಲ್ಲ. ಕಣ್ಣಾರೆ ನೋಡಿದ್ದನ್ನು ಮಾತ್ರ ಹೇಳಿ: ಲಿಫ್ಟ್ ಇದೆ, ಬಾಲ್ಕನಿಯಿಂದ ಟ್ರೇನ್ ಕಾಣುತ್ತೆ, ಕೆಳಗೆ ಜಾರುಬಂಡೆ ಇದೆ.

ಇನ್ನು ನೆಂಟರಿಷ್ಟರ ತಮಾಷೆ. "ನಿಮ್ಮಪ್ಪ ಅಮ್ಮ ನಿನ್ನ ಇಲ್ಲೇ ಬಿಟ್ಟು ಹೋಗ್ತಾರಂತೆ ಕಣೋ, ನಮ್ಮನೇಲೇ ಇರ್ತೀಯಾ?" ಈ ಮಾತು ಹೇಳದ ಒಬ್ಬ ಚಿಕ್ಕಪ್ಪನಾದರೂ ಕರ್ನಾಟಕದಲ್ಲಿ ಇದ್ದಾರಾ ಅನ್ನುವುದು ನನ್ನ ಅನುಮಾನ. ಬೇರೆ ದಿನಗಳಲ್ಲಿ ಇದು ತಮಾಷೆ ಇರಬಹುದು. ಮನೆ ತುಂಬ ರಟ್ಟಿನ ಪೆಟ್ಟಿಗೆ ಇರುವಾಗ ಇದು ತಮಾಷೆ ಅಲ್ಲ, ಮಗು ಪೂರ್ತಿ ನಂಬುತ್ತದೆ. ಹೇಳಿದವರು ಹಿರಿಯರಾದರೂ ಸರಿ, ಮಗುವಿನ ಎದುರಿಗೇ ನಗುನಗುತ್ತಾ ತಡೆಯಿರಿ: "ಇಲ್ಲ ಚಿಕ್ಕಪ್ಪ, ಅವನ್ನ ಬಿಟ್ಟು ನಾವು ಎಲ್ಲಿಗೂ ಹೋಗಲ್ಲ, ಅವನಿಗೂ ಗೊತ್ತು." ಚಿಕ್ಕಪ್ಪನಿಗೆ ಹೇಳಿದ್ದಾದರೂ ಅದು ಮಗುವಿನ ಕಿವಿಗೆ ಬೀಳಬೇಕು. "ಅಳ್ತಾ ಇದ್ರೆ ಇಲ್ಲೇ ಬಿಟ್ಟು ಹೋಗ್ತೀನಿ" ಅನ್ನುವುದು ನಮ್ಮ ಬಾಯಲ್ಲೂ ಬರಬಾರದು.

ಹೊಸ ಮನೆ ನೋಡಲು ಕರೆದುಕೊಂಡು ಹೋಗಿ

ಸಾಧ್ಯವಿದ್ದರೆ ಬೆಳಗ್ಗೆ ಒಂದು ಸಲ, ದೀಪ ಹಚ್ಚುವ ಹೊತ್ತಿಗೆ ಒಂದು ಸಲ. ಕತ್ತಲಾದ ಮೇಲೆ ಮನೆ ಬೇರೆಯೇ ಕಾಣುತ್ತದೆ. ಸ್ವಿಚ್ ಹಾಕಲಿ, ನಲ್ಲಿ ತಿರುಗಿಸಲಿ, ಖಾಲಿ ರೂಮಿನಲ್ಲಿ ಕೂಗಿ ಪ್ರತಿಧ್ವನಿ ಕೇಳಲಿ. ದೂರದ ಊರಾದರೆ ಮೊದಲು ಹೋದವರು ವಿಡಿಯೋ ಕಾಲ್ ಮಾಡಿ ಬಾಗಿಲಿನಿಂದ ಮಲಗುವ ಜಾಗದವರೆಗೆ ನಿಧಾನವಾಗಿ ನಡೆದು ತೋರಿಸಲಿ.

ಹಾಲು ಉಕ್ಕಿಸುವುದನ್ನು ಬಹಳ ಜನ ಸಾಮಾನು ತರುವುದಕ್ಕೆ ಒಂದೆರಡು ದಿನ ಮೊದಲೇ ಮಾಡುತ್ತಾರೆ. ಇದು ಮಗುವಿಗೆ ಒಳ್ಳೆ ಅವಕಾಶ. ಹೊಸಿಲಿಗೆ ಅರಿಶಿನ ಕುಂಕುಮ ಹಚ್ಚಲು ಬಿಡಿ, ಉಕ್ಕಿದ ಹಾಲಿನಲ್ಲಿ ಮಾಡಿದ ಸಿಹಿಯ ಮೊದಲ ಲೋಟ ಅದರದ್ದೇ ಆಗಲಿ. ಮುಹೂರ್ತ ನಸುಕಿನ ನಾಲ್ಕೂವರೆಗೆ ಇದ್ದರೆ ಮಾತ್ರ ಎಬ್ಬಿಸಿ ಹೊತ್ತುಕೊಂಡು ಹೋಗಬೇಡಿ. ನಿದ್ದೆಗಣ್ಣಿನಲ್ಲಿ, ಹೊಗೆಯಲ್ಲಿ, ಗುರುತಿಲ್ಲದ ಜನರ ನಡುವೆ ಆ ಮನೆಯ ಮೊದಲ ನೆನಪು ಆಗುವುದು ಬೇಡ. ಬೆಳಕು ಹರಿದ ಮೇಲೆ ಅಜ್ಜಿ ಜೊತೆ ಬರಲಿ.

ಮಗು ಕಾಲಿಡುವ ಮೊದಲು ನೀವು ನೋಡಬೇಕಾದ್ದು

ಇಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಹಳೇ ಮನೆಯಲ್ಲಿ ಯಾವುದು ಅಪಾಯ ಅಂತ ನಿಮಗೂ ಮಗುವಿಗೂ ಅಂದಾಜು ಇತ್ತು. ಹೊಸ ಮನೆಯಲ್ಲಿ ಇಬ್ಬರಿಗೂ ಇಲ್ಲ.

ಮೊದಲು ಸಂಪ್. ನಮ್ಮ ಕಡೆಯ ಸ್ವತಂತ್ರ ಮನೆಗಳಲ್ಲಿ ಗೇಟ್ ಪಕ್ಕವೋ ಕಾರ್ ನಿಲ್ಲಿಸುವ ಜಾಗದಲ್ಲೋ ನೆಲದಡಿ ಸಂಪ್ ಇದ್ದೇ ಇರುತ್ತದೆ. ಮುಚ್ಚಳ ತುಕ್ಕು ಹಿಡಿದಿದೆಯಾ, ಮೇಲೆ ನಿಂತರೆ ಅಲುಗಾಡುತ್ತದಾ, ಬೀಗ ಹಾಕಲು ಕೊಂಡಿ ಇದೆಯಾ, ಇಷ್ಟನ್ನು ಅಡ್ವಾನ್ಸ್ ಕೊಡುವ ಮೊದಲೇ ನೋಡಿ. ಇಲ್ಲದಿದ್ದರೆ ಓನರ್‌ಗೆ ಹೇಳಿ ಹಾಕಿಸಿ, ಅವರು ಹಾಕಿಸದಿದ್ದರೆ ನೀವೇ ಹಾಕಿಸಿ. ಟ್ಯಾಂಕರ್ ಬಂದಾಗ ಮುಚ್ಚಳ ತೆಗೆದು ಹಾಗೇ ಬಿಟ್ಟು ಹೋಗುವುದುಂಟು. ಅದನ್ನು ಮುಚ್ಚುವ ಕೆಲಸ ಮನೆಯಲ್ಲಿ ಒಬ್ಬರದು ಅಂತ ಗೊತ್ತು ಮಾಡಿ. "ಯಾರಾದರೂ ಮುಚ್ಚಿರ್ತಾರೆ" ಅನ್ನುವ ಮಾತು ಬೇಡವೇ ಬೇಡ.

ಬಚ್ಚಲಲ್ಲಿ ತುಂಬಿದ ಬಕೆಟ್, ಡ್ರಮ್ ಇಡಬೇಡಿ. ಪುಟ್ಟ ಮಗುವಿಗೆ ಕೆಲವೇ ಇಂಚು ನೀರು ಸಾಕು ಅಪಾಯಕ್ಕೆ. ಬಾಗಿಲ ಒಳಚಿಲಕ ಕೆಳಗಿದ್ದರೆ ಮಗು ಹಾಕಿಕೊಂಡು ಒಳಗೇ ಸಿಕ್ಕಿಕೊಳ್ಳುತ್ತದೆ, ಬಿಚ್ಚಿಸಿಬಿಡಿ. ಗೀಸರ್‌ನ ಬಿಸಿನೀರಿನ ನಲ್ಲಿ ಎಡಕ್ಕಿದೆಯಾ ಬಲಕ್ಕಿದೆಯಾ ನೋಡಿ, ಹಳೇ ಮನೆಗೆ ಉಲ್ಟಾ ಇದ್ದರೆ ಮಗು ತಣ್ಣೀರು ಅಂದುಕೊಂಡು ಬಿಸಿನೀರು ತಿರುಗಿಸುತ್ತದೆ.

ಬಾಲ್ಕನಿ ಕಂಬಿಗಳ ನಡುವೆ ನಾಲ್ಕು ಇಂಚಿಗಿಂತ ಜಾಸ್ತಿ ಜಾಗ ಇದ್ದರೆ ಬಲೆ ಹಾಕಿಸಿ. ಬಲೆ ಹಾಕುವವರೆಗೆ ಬಾಗಿಲು ಮುಚ್ಚಿರಲಿ. ಮುಖ್ಯವಾಗಿ, ಬಿಚ್ಚಿದ ಪೆಟ್ಟಿಗೆಗಳನ್ನು ಎಲ್ಲರೂ ಬಾಲ್ಕನಿಗೇ ತಳ್ಳುತ್ತಾರಲ್ಲ, ಅದೇ ಮಗುವಿಗೆ ಏಣಿ. ಪ್ಲಾಸ್ಟಿಕ್ ಕುರ್ಚಿ, ಚಪ್ಪಲಿ ಸ್ಟ್ಯಾಂಡ್ ಕೂಡ ಅಲ್ಲಿ ಬೇಡ. ಪ್ಯಾಕಿಂಗ್ ಕವರ್, ಥರ್ಮಕೋಲ್ ಉಂಡೆ, ಬ್ಲೇಡು, ಬೀರುವಿನಿಂದ ಉದುರಿದ ನುಸಿಗುಳಿಗೆ, ಇವು ಬಿಚ್ಚಿದ ದಿನವೇ ಹೊರಗೆ ಹೋಗಲಿ. ನುಸಿಗುಳಿಗೆ ಪೆಪ್ಪರ್‌ಮಿಂಟ್ ಹಾಗೇ ಕಾಣುತ್ತದೆ, ಅದು ವಿಷ.

ಪ್ಯಾಕಿಂಗ್

ಮಗುವಿನ ಆಟದ ಸಾಮಾನು ಕೊನೆಗೆ ಕಟ್ಟಿ, ಮೊದಲು ಬಿಚ್ಚಿ. ಮಗುವಿನ ಎದುರಿಗೇ ಕಟ್ಟಿ. ರಾತ್ರಿ ಮಲಗಿದ್ದಾಗ ಕಟ್ಟಿಟ್ಟರೆ ಬೆಳಗ್ಗೆ ಎದ್ದು ನೋಡಿದಾಗ ಕಳ್ಳ ಬಂದು ಹೋದ ಹಾಗೆ ಇರುತ್ತದೆ. ಒಂದು ಪೆಟ್ಟಿಗೆ ಅದರದ್ದೇ ಇರಲಿ, ಅದರ ಮೇಲೆ ಕ್ರೇಯಾನ್‌ನಲ್ಲಿ ಏನು ಬೇಕಾದರೂ ಗೀಚಲಿ. ಟೆಂಪೋದಲ್ಲಿ ಕೊನೆಗೆ ಏರಿಸಿದ್ದು ಮೊದಲು ಇಳಿಯುತ್ತದೆ, ಹಾಗಾಗಿ ಈ ಪೆಟ್ಟಿಗೆಯನ್ನು ಹಿಂಬಾಗಿಲ ಹತ್ತಿರ ಇಡಲು ಲೋಡ್ ಮಾಡುವವರಿಗೆ ಹೇಳಿ.

ಇದು ಹಳೇ ಸಾಮಾನು ಬಿಸಾಕುವ ಸಮಯ ಅಂತ ನಮಗೆ ಕೈ ತುರಿಸುತ್ತದೆ. ಚಕ್ರ ಇಲ್ಲದ ಕಾರು, ತಲೆ ಕಿತ್ತ ಗೊಂಬೆ, ಹರಿದ ಪುಸ್ತಕ. ಈಗ ಬೇಡ. ಒಂದು ಚೀಲಕ್ಕೆ ತುಂಬಿಕೊಂಡು ಬನ್ನಿ, ಮೂರು ತಿಂಗಳು ಕೇಳದಿದ್ದರೆ ಆಮೇಲೆ ನೋಡಿದರಾಯಿತು.

ಮಗುವಿನ ಹೊದಿಕೆ, ದಿಂಬು ಮಾತ್ರ ಯಾವ ಕಾರಣಕ್ಕೂ ಪೆಟ್ಟಿಗೆಯೊಳಗೆ ಹೋಗಬಾರದು, ಮತ್ತು ಹೊಸ ಮನೆ ಅಂತ ತೊಳೆದು ಒಣಗಿಸಲೂಬಾರದು. ಧಾರವಾಡದ ಕಡೆಯ ಒಂದು ಮನೆಯಲ್ಲಿ ಅಜ್ಜಿ ಹಳೇ ಸೀರೆಯಿಂದ ಹೊಲಿದ ಕೌದಿ ಇತ್ತು, ಅಂಚು ಪೂರ್ತಿ ಹರಿದು ದಾರ ಜೋಲುತ್ತಿತ್ತು. ಹುಡುಗಿ ಆ ದಾರವನ್ನು ಬೆರಳಿಗೆ ಸುತ್ತಿಕೊಂಡೇ ಮಲಗುವುದು. ಬೆಂಗಳೂರಿಗೆ ಬರುವಾಗ ಅವಳ ಅಮ್ಮ ಆ ಕೌದಿಯನ್ನು ಹಾಗೇ ಮಡಚಿ, ಅದೇ ಜೋಲುವ ದಾರದ ಸಮೇತ, ತಮ್ಮ ಹ್ಯಾಂಡ್‌ಬ್ಯಾಗಿಗೆ ತುರುಕಿಕೊಂಡು ಬಂದರು. ಬೇರೆ ಯಾವ ಸಾಮಾನಿಗೂ ಅಷ್ಟು ಕಾವಲು ಇರಲಿಲ್ಲ. ಹಳೇ ವಾಸನೆ ಇರುವ ಒಂದು ಬಟ್ಟೆ ಪಕ್ಕದಲ್ಲಿದ್ದರೆ ಅರ್ಧ ರಾತ್ರಿಯ ಅಳು ಕಡಿಮೆಯಾಗುತ್ತದೆ.

ಇದರ ಜೊತೆ ಕೈಚೀಲದಲ್ಲಿ ತಟ್ಟೆ, ಲೋಟ, ಎರಡು ಜೊತೆ ಬಟ್ಟೆ, ಬ್ರಷ್, ರಾತ್ರಿ ದೀಪ, ಡಾಕ್ಟರ್ ಬರೆದುಕೊಟ್ಟ ಜ್ವರದ ಸಿರಪ್, ಲಸಿಕೆ ಬರೆದಿರುವ ತಾಯಿ ಕಾರ್ಡ್.

ಸಾಮಾನು ಸಾಗಿಸುವ ದಿನ

ಮಗು ಎಲ್ಲಿರಬೇಕು? ಇದಕ್ಕೆ ಎರಡು ಅಭಿಪ್ರಾಯ ಇದೆ. ನನ್ನ ಪ್ರಕಾರ ಎರಡು ವರ್ಷದೊಳಗಿನ ಮಗು ಚೆನ್ನಾಗಿ ಗುರುತಿರುವ ಒಬ್ಬರ ಜೊತೆ ಬೇರೆ ಕಡೆ ಇರಲಿ. ಮೂರು ದಾಟಿದವರು ಸ್ವಲ್ಪ ಹೊತ್ತಾದರೂ ನೋಡಬೇಕು. ಹಾಸಿಗೆ ಇಳಿದಿದ್ದು, ಸೈಕಲ್ ಏರಿದ್ದು ನೋಡಿದರೆ "ನಮ್ಮ ಸಾಮಾನು ಅಲ್ಲಿಗೆ ಹೋಯಿತು" ಅಂತ ತಿಳಿಯುತ್ತದೆ. ಬೆಳಗ್ಗೆ ಅಜ್ಜಿ ಮನೆಗೆ ಕಳಿಸಿ ರಾತ್ರಿ ನೇರ ಹೊಸ ಮನೆಗೆ ತಂದರೆ ಹಳೇ ಮನೆ ಮಗುವಿನ ತಲೆಯಲ್ಲಿ ಹಾಗೇ ಇರುತ್ತದೆ, ಮಂಚ, ಟಿವಿ ಸಮೇತ. ಆಮೇಲೆ "ಹೋಗೋಣ ಬಾ" ಅಂತ ಹಟ ಹಿಡಿಯುವುದು ತಪ್ಪಲ್ಲ ಅಲ್ವಾ?

ಹೊರಡುವ ಮೊದಲು ಖಾಲಿ ಮನೆಯಲ್ಲಿ ಒಂದು ಸುತ್ತು ಬನ್ನಿ. ಅಡುಗೆಮನೆಗೆ ಟಾಟಾ, ಬಚ್ಚಲಿಗೆ ಟಾಟಾ, ಗೋಡೆ ಮೇಲೆ ತಾನೇ ಬರೆದ ಚಿತ್ರಕ್ಕೆ ಟಾಟಾ. ಆ ಗೋಡೆ ಮುಂದೆ ನಿಲ್ಲಿಸಿ ಒಂದು ಫೋಟೋ ತೆಗೆಯಿರಿ. ಬಣ್ಣದ ಖರ್ಚಿಗೆ ಅಂತ ಓನರ್ ಹೇಗೂ ಅಡ್ವಾನ್ಸ್‌ನಲ್ಲಿ ಹಿಡಿದುಕೊಂಡಿರುತ್ತಾರೆ, ಫೋಟೋ ಆದರೂ ನಿಮಗೆ ಉಳಿಯಲಿ.

ಅಜ್ಜ ಅಜ್ಜಿಯನ್ನು ಬಿಟ್ಟು ಬೇರೆ ಮನೆ ಮಾಡುತ್ತಿದ್ದರೆ ಆ ದಿನ ಎಲ್ಲರ ಕಣ್ಣೂ ಒದ್ದೆಯಾಗುವುದು ಸಹಜ. ಅತ್ತರೆ ತಪ್ಪಿಲ್ಲ. ಆದರೆ ಯಾರಿಂದ ಬೇರೆಯಾದೆವು, ಯಾರು ಏನು ಅಂದರು ಅನ್ನುವ ಮಾತು ಮಗುವಿನ ಎದುರು ಬೇಡ. ಅಜ್ಜಿ ಮತ್ತೆ ಯಾವತ್ತು ಸಿಗುತ್ತಾಳೆ ಅನ್ನುವುದನ್ನು ಮಾತ್ರ ಹೇಳಿ, ಹೇಳಿದ ದಿನ ತಪ್ಪಿಸಬೇಡಿ. ಅತ್ತೆ-ಮಾವ ಒಪ್ಪಿದರೆ ಮೊದಲ ವಾರ ಅವರೇ ಬಂದು ಇರುವುದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಮೊದಲ ರಾತ್ರಿ

ಅಡುಗೆಮನೆ ನಾಳೆ ಜೋಡಿಸಿದರೂ ಆಗುತ್ತದೆ, ಊಟ ಹೋಟೆಲಿನಿಂದ ತರಿಸಿ. ಮೊದಲು ಮಗು ಮಲಗುವ ಜಾಗ ಸಿದ್ಧವಾಗಲಿ. ಅದೇ ಹಾಸಿಗೆ, ಅದೇ ಹೊದಿಕೆ, ಅಮ್ಮ ಅದೇ ಪಕ್ಕ. ಹಾಲಿನಲ್ಲಿ ಪೆಟ್ಟಿಗೆಗಳ ಗುಡ್ಡವೇ ಇರಲಿ, ಮಲಗುವ ಹೊತ್ತು ಮಾತ್ರ ತಪ್ಪಬಾರದು. ಒಂದರಿಂದ ಎರಡು ವರ್ಷದ ಮಕ್ಕಳಿಗೆ ದಿನಕ್ಕೆ 11ರಿಂದ 14 ಗಂಟೆ, ಮೂರು ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಮಧ್ಯಾಹ್ನದ ನಿದ್ದೆ ಸೇರಿ. ಶಿಫ್ಟಿಂಗ್ ವಾರದಲ್ಲಿ ಇದು ಕಡಿಮೆಯಾಗುತ್ತದೆ, ಆಮೇಲೆ ನಾವು "ಯಾಕೋ ಹಟ ಜಾಸ್ತಿ ಆಗಿದೆ" ಅನ್ನುತ್ತೇವೆ.

ಮಲಗುವ ಮೊದಲು ದೀಪ ಆರಿಸಿ ಎರಡು ನಿಮಿಷ ಸದ್ದು ಕೇಳಿಸಿಕೊಳ್ಳಿ. ಇದು ಲಿಫ್ಟ್, ಇದು ಪಂಪಿನ ಮೋಟಾರ್, ಇದು ಮೇಲಿನ ಮನೆಯವರು ಕುರ್ಚಿ ಎಳೆದಿದ್ದು. ಹೆಸರು ಗೊತ್ತಾದ ಸದ್ದು ಹೆದರಿಸುವುದಿಲ್ಲ. ಬಚ್ಚಲಿಗೆ ಹೋಗುವ ದಾರಿಯಲ್ಲಿ ಸಣ್ಣ ದೀಪ ಉರಿಯುತ್ತಿರಲಿ.

ಚಂದದ ಮಕ್ಕಳ ರೂಮ್ ಮಾಡಿಸಿದ್ದೀರಾ? ಇರಲಿ, ಹಗಲು ಅಲ್ಲಿ ಆಡಲಿ. ರಾತ್ರಿ ಎಲ್ಲಿ ಮಲಗುತ್ತಿತ್ತೋ ಹಾಗೇ ಮುಂದುವರಿಸಿ.

ಮೊದಲ ಕೆಲವು ವಾರ

ಬಿಟ್ಟುಹೋಗಿದ್ದ ಅಭ್ಯಾಸಗಳು ವಾಪಸ್ ಬರುತ್ತವೆ. ಹಾಸಿಗೆ ಒದ್ದೆ ಮಾಡುವುದು, ಬೆರಳು ಚೀಪುವುದು, ತೊದಲು ಮಾತು, ಅಮ್ಮನ ಸೆರಗು ಬಿಡದಿರುವುದು. ಬೈಯಬೇಡಿ, ಬೇರೆಯವರ ಎದುರು ಹೇಳಿ ನಗಬೇಡಿ. ರಬ್ಬರ್ ಶೀಟ್ ಹಾಕಿ, ಬಟ್ಟೆ ಬದಲಾಯಿಸಿ, ಸುಮ್ಮನೆ ಮಲಗಿಸಿ. ಹೆಚ್ಚಿನ ಮಕ್ಕಳಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಹೋಗುತ್ತದೆ.

ಯಾರೂ ಮಾತಾಡದ ಒಂದು ವಿಷಯ ಕಕ್ಕಸ್ಸು. ಹಳೇ ಮನೆಯಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದ ಮಗುವಿಗೆ ಹೊಸ ಮನೆಯ ಕಮೋಡ್ ಅಂದರೆ ಭಯ. ಒಳಗೆ ಬಿದ್ದುಬಿಡುತ್ತೇನೆ ಅನ್ನುವ ಭಯ, ಫ್ಲಶ್ ಸದ್ದಿನ ಭಯ. ಹಾಗಾಗಿ ತಡೆದುಕೊಳ್ಳುತ್ತದೆ. ಎರಡು ದಿನ ತಡೆದರೆ ಗಟ್ಟಿಯಾಗುತ್ತದೆ, ಗಟ್ಟಿಯಾದರೆ ನೋವು, ನೋವಾದರೆ ಇನ್ನೂ ತಡೆಯುತ್ತದೆ. ಕಾಲು ಬಿಗಿಮಾಡಿ ಮೂಲೆಯಲ್ಲಿ ನಿಂತುಕೊಳ್ಳುವುದು, ಮುಖ ಕೆಂಪಗಾಗುವುದು ಕಂಡರೆ ಇದೇ ಇರಬಹುದು. ಮಕ್ಕಳ ಸೀಟ್ ರಿಂಗ್ ತನ್ನಿ, ಕಾಲು ನೇತಾಡದ ಹಾಗೆ ಕೆಳಗೆ ಒಂದು ಮಣೆ ಅಥವಾ ಗಟ್ಟಿ ಸ್ಟೂಲ್ ಇಡಿ, ಮಗು ಹೊರಗೆ ಬಂದ ಮೇಲೆ ಫ್ಲಶ್ ಮಾಡಿ. ಆಗದಿದ್ದರೆ ಕೆಲವು ದಿನ ಮಗುವಿನ ಹಳೇ ಪಾಟಿ ಕುರ್ಚಿಯೇ ಸಾಕು. ಬಾಳೆಹಣ್ಣು, ಪಪ್ಪಾಯ, ಸೊಪ್ಪು, ನೀರು ಜಾಸ್ತಿ ಇರಲಿ. ಸರಿಹೋಗದಿದ್ದರೆ ಮಕ್ಕಳ ಡಾಕ್ಟರ್‌ಗೆ ತೋರಿಸಿ, ಮನೆಯಲ್ಲಿರುವ ದೊಡ್ಡವರ ಮಾತ್ರೆ ಕೊಡಬೇಡಿ.

ನೀರೂ ಬೇರೆ. ಕಾವೇರಿ ಅಥವಾ ಬಾವಿ ನೀರಿನಿಂದ ಬೋರ್‌ವೆಲ್ ಗಡಸು ನೀರಿಗೆ ಬಂದರೆ ಮಗುವಿನ ಚರ್ಮ ಒಣಗಿ ಕೆರೆತ ಬರಬಹುದು. ಸೋಪು ಕಡಿಮೆ ಮಾಡಿ, ಸ್ನಾನವಾದ ಕೂಡಲೇ ಕೊಬ್ಬರಿ ಎಣ್ಣೆ ಸವರಿ.

ಸಂಜೆಯಾದರೆ ಒಂದು ಪ್ರಶ್ನೆ ಗ್ಯಾರಂಟಿ: "ನಮ್ಮನೆಗೆ ಯಾವಾಗ ಹೋಗೋದು?" ನಾವು ತಕ್ಷಣ "ಇದೇ ಕಣೋ ನಮ್ಮನೆ" ಅನ್ನುತ್ತೇವೆ. ಮಗುವಿಗೆ ಅದು ಉತ್ತರ ಅನಿಸುವುದಿಲ್ಲ, ಬಾಯಿ ಮುಚ್ಚಿಸಿದ ಹಾಗೆ ಆಗುತ್ತದೆ. "ಆ ಮನೆ ನೆನಪಾಯ್ತಾ? ಅಲ್ಲಿ ಏನು ಮಾಡ್ತಿದ್ದೆ ಈಗ?" ಅಂತ ಕೇಳಿ. ಹೇಳಲಿ, ಅಳಲಿ. ಫೋಟೋ ತೋರಿಸಿ. ಆಮೇಲೆ "ನಾವು ಈಗ ಈ ಮನೇಲಿ ಮಲಗೋದು" ಅನ್ನಿ. ನಾಳೆ ಮತ್ತೆ ಕೇಳುತ್ತದೆ, ಮತ್ತೆ ಇದನ್ನೇ ಹೇಳಿ. ಬೇಸರವಾಗುತ್ತದೆ, ಗೊತ್ತು.

ಹೊರಗೆ ದಿನಾ ಒಂದೇ ಹೊತ್ತಿಗೆ ಒಂದೇ ದಾರಿಯಲ್ಲಿ ನಡೆಯಿರಿ. ಒಂದೇ ಅಂಗಡಿ, ಒಂದೇ ಹೂವಿನವರು, ಗೇಟಿನಲ್ಲಿ ಅದೇ ವಾಚ್‌ಮನ್. ಒಂದು ವಾರದಲ್ಲಿ ಅವರೇ ಮಾತಾಡಿಸುತ್ತಾರೆ. ಪಾರ್ಕಿನಲ್ಲಿ "ಹೋಗು, ಆಡ್ಕೋ ಹೋಗು" ಅಂತ ತಳ್ಳಬೇಡಿ. ಪಕ್ಕದಲ್ಲಿ ಕೂತು ನೋಡಲಿ, ನೋಡುವುದೂ ಆಟದ ಒಂದು ಭಾಗವೇ. ದೊಡ್ಡ ಗುಂಪು ಬೇಡ, ಒಂದೇ ಒಂದು ಮಗುವನ್ನು ಮನೆಗೆ ಕರೆಯಿರಿ.

ಭಾಷೆಯ ಚಿಂತೆ ಬಹಳ ಜನರಿಗೆ. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಕೆಳಗೆ ಆಡುವ ಮಕ್ಕಳದ್ದು ಹಿಂದಿ, ಇಂಗ್ಲಿಷ್. ಊರಿಂದ ಬಂದ ಮಗು ಪೆಚ್ಚುಮೋರೆ ಹಾಕಿಕೊಂಡು ನಿಲ್ಲುತ್ತದೆ. ಅದಕ್ಕೆ ಹೆದರಿ ಮನೆಯಲ್ಲೂ ಇಂಗ್ಲಿಷ್ ಶುರು ಮಾಡಬೇಡಿ. ಎಲ್ಲವೂ ಹೊಸದಾಗಿರುವಾಗ ಅಮ್ಮನ ಮಾತೂ ಹೊಸದಾದರೆ ಮಗು ಯಾರ ಹತ್ತಿರ ಹೋಗಬೇಕು? ಆಟದ ಭಾಷೆ ಆಟದಲ್ಲೇ ಬರುತ್ತದೆ, ಸ್ವಲ್ಪ ಸಮಯ ಕೊಡಿ. ಹುಬ್ಬಳ್ಳಿ ಮಾತಿಗೆ ಮೈಸೂರಿನ ಮಕ್ಕಳು, ಮೈಸೂರು ಮಾತಿಗೆ ಹುಬ್ಬಳ್ಳಿ ಮಕ್ಕಳು ನಗುವುದೂ ಇದೆ. "ನಮ್ಮೂರಲ್ಲಿ ಹೀಗೇ ಹೇಳೋದು" ಅಂತ ಧೈರ್ಯವಾಗಿ ಹೇಳಲು ಕಲಿಸಿ, ಮಾತು ತಿದ್ದಲು ಹೋಗಬೇಡಿ.

ಶಾಲೆ ಮತ್ತು ಕಾಗದ ಪತ್ರ

ಶಾಲೆ ಶುರುವಾಗುವ ಮೊದಲೇ ಒಂದು ಸಲ ಗೇಟಿನವರೆಗೆ ಹೋಗಿ ಬನ್ನಿ, ಸಾಧ್ಯವಾದರೆ ಮಿಸ್ ಮುಖ ತೋರಿಸಿ. ಬಿಟ್ಟು ಬರುವಾಗ ಕದ್ದು ಓಡಿಬರಬೇಡಿ. "ಊಟ ಆದ್ಮೇಲೆ ಬರ್ತೀನಿ" ಅಂತ ಹೇಳಿ, ಒಂದು ಮುತ್ತು, ಟಾಟಾ, ಮುಗಿಯಿತು. ಹತ್ತು ನಿಮಿಷ ಬಾಗಿಲಲ್ಲಿ ನಿಂತು ಸಮಾಧಾನ ಮಾಡಿದರೆ ಅಳು ಇನ್ನೂ ಏರುತ್ತದೆ.

ಒಂದನೇ ತರಗತಿ ದಾಟಿದ ಮಕ್ಕಳಿಗೆ ಹಳೇ ಶಾಲೆಯಿಂದ ಟಿಸಿ ಮತ್ತು ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಮಗುವಿಗಿರುವ ಸಂಖ್ಯೆ) ತೆಗೆದುಕೊಳ್ಳಿ. ಅಂಗನವಾಡಿ ಮಗುವಾದರೆ ಊರು ಬಿಡುವ ಮೊದಲು ಕಾರ್ಯಕರ್ತೆಗೆ ಹೇಳಿ, ಅಂಗನವಾಡಿಯವರು ಬಳಸುವ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಹೆಸರನ್ನು ಹೊಸ ಅಂಗನವಾಡಿಗೆ ವರ್ಗಾಯಿಸಲು ಅವಕಾಶ ಇದೆ. ಶಿಫ್ಟಿಂಗ್ ಗಡಿಬಿಡಿಯಲ್ಲಿ ಲಸಿಕೆ ಮರೆತುಹೋಗುವುದು ಜಾಸ್ತಿ. 16ರಿಂದ 24 ತಿಂಗಳ ಒಳಗೆ ಹಾಕಿಸುವ ಬೂಸ್ಟರ್, ಐದರಿಂದ ಆರು ವರ್ಷದ ಡಿಪಿಟಿ ಬೂಸ್ಟರ್ ಬಾಕಿ ಇದೆಯಾ ನೋಡಿ. ಕಾರ್ಡ್ ತೆಗೆದುಕೊಂಡು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋದರೆ ಉಚಿತವಾಗಿ ಹಾಕುತ್ತಾರೆ. ಮಗುವಿಗೆ ಐದು ತುಂಬಿದ್ದರೆ ಆಧಾರ್ ಬಯೋಮೆಟ್ರಿಕ್ ಹೇಗೂ ಮಾಡಿಸಬೇಕು, ವಿಳಾಸವನ್ನೂ ಆಗಲೇ ಬದಲಾಯಿಸಿಬಿಡಿ.

ಡಾಕ್ಟರ್ ಹತ್ತಿರ ಯಾವಾಗ?

ಅಳು, ಹಟ, ನಿದ್ದೆಗೇಡು ವಾರದಿಂದ ವಾರಕ್ಕೆ ಕಡಿಮೆಯಾಗುತ್ತಿದ್ದರೆ ಕಾಯಬಹುದು. ಒಂದೂವರೆ ತಿಂಗಳಾದರೂ ಹಾಗೇ ಇದ್ದರೆ, ತೂಕ ಇಳಿಯುತ್ತಿದ್ದರೆ, ಆಟವೇ ಬೇಡ ಅನ್ನುತ್ತಿದ್ದರೆ, ತನಗೇ ಹೊಡೆದುಕೊಳ್ಳುತ್ತಿದ್ದರೆ ಮಕ್ಕಳ ಡಾಕ್ಟರ್‌ಗೆ ತೋರಿಸಿ. ಆಡುತ್ತಿದ್ದ ಮಾತು ನಿಂತುಹೋದರೆ, ಹೆಸರು ಕರೆದರೆ ತಿರುಗುವುದು ಬಿಟ್ಟರೆ ಅದನ್ನು ಮನೆ ಬದಲಾದ ಲೆಕ್ಕಕ್ಕೆ ಹಾಕಬೇಡಿ, ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನಿಮಗೇ ಸುಸ್ತಾಗಿ ಅಳು ಬರುತ್ತಿದ್ದರೂ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗ ಇದೆ.

ಹಳೇ ಮನೆ ಕಡೆ ಹೋಗಬೇಕಾ?

ಅದೇ ಊರಲ್ಲಿದ್ದರೆ ಹೋಗಿ, ಆದರೆ ಮೊದಲ ತಿಂಗಳು ಬೇಡ. ಹೊಸ ಮನೆಯಲ್ಲಿ ರಾತ್ರಿ ನಿದ್ದೆ ನೆಟ್ಟಗಾದ ಮೇಲೆ ಹೋಗಿ. ಅಲ್ಲಿ ಈಗ ಬೇರೆಯವರು ಇದ್ದಾರೆ, ಒಳಗೆ ಹೋಗೋಕೆ ಆಗಲ್ಲ ಅಂತ ಗಾಡಿ ಹತ್ತುವ ಮುಂಚೆಯೇ ಹೇಳಿ. ಮನೆ ನೋಡಲು ಅಂತ ಹೋಗಬೇಡಿ, ಪಕ್ಕದ ಮನೆ ಆಂಟಿಯನ್ನು, ಜೊತೆ ಆಡುತ್ತಿದ್ದ ಹುಡುಗನನ್ನು ನೋಡಲು ಅಂತ ಹೋಗಿ. ಮೊದಲೇ ಫೋನ್ ಮಾಡಿ ಅವರು ಇರುತ್ತಾರಾ ಕೇಳಿಕೊಳ್ಳಿ. ಮುಂದಿನ ಸಲ ಅವರೇ ನಿಮ್ಮ ಮನೆಗೆ ಬರಲಿ, ನಿಮ್ಮ ಮಗು ಅವರಿಗೆ ಲಿಫ್ಟಿನ ಬಟನ್ ತೋರಿಸಲಿ.